ನಾವು ತಳ್ಳಿದ ಸ್ಟೇಜ್

2026ರ ಫೆಬ್ರವರಿ 8ಕ್ಕೆ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ವರ್ಷದ ಫೈನಲ್ ಪಂದ್ಯ, ಮತ್ತೆ ನಮ್ಮ ಕಡೆ ಬರುತ್ತಿದೆ. ಸಾಂತಾ ಕ್ಲಾರಾದ ಲೀವೈಸ್ ಸ್ಟೇಡಿಯಂ. ನಮ್ಮ ಮನೆ ಇರುವುದು ಸನ್ನಿವೇಲ್‌ನಲ್ಲಿ. ಅಲ್ಲಿಂದ ಕಾರಿನಲ್ಲಿ ಹತ್ತು ನಿಮಿಷದ ದಾರಿ. ಈ ಸಲ ಹಾಫ್‌ಟೈಮ್‌ಗೆ, ಅಂದರೆ ಅರ್ಧ ಆಟದ ಬಿಡುವಿಗೆ, ಪೋರ್ಟೊ ರಿಕೊದ ಗಾಯಕ ಬ್ಯಾಡ್ ಬನ್ನಿ ಹಾಡುತ್ತಾರೆ. ಡೇಕೇರ್‌ಗೆ ಮಕ್ಕಳನ್ನು ಬಿಡಲು ಬರುವ ಅಪ್ಪ ಅಮ್ಮಂದಿರೆಲ್ಲ ಅದರ ಬಗ್ಗೆಯೇ ಮಾತಾಡುತ್ತಿದ್ದಾರೆ. ಯಾವ ಹಾಡು, ಯಾರು ಜೊತೆಗೆ ಬರುತ್ತಾರೆ, ಸ್ಪ್ಯಾನಿಷ್‌ನಲ್ಲೇ ಹಾಡುತ್ತಾರಾ ಅಂತ. ನನ್ನ ತಲೆಯಲ್ಲಿ ಓಡುತ್ತಿರುವುದು ಬೇರೆ. ಈ ಸಲ ಸ್ಟೇಜಿನ ಗಾಡಿ ತಳ್ಳುವವರು ಯಾರು? ಅವರು ಈಗ ಎಲ್ಲಿ ಅಭ್ಯಾಸ ಮಾಡುತ್ತಿದ್ದಾರೆ?

ಹತ್ತು ವರ್ಷದ ಹಿಂದೆ, 2016ರ ಫೆಬ್ರವರಿ 7ರಂದು, ಇದೇ ಮೈದಾನದಲ್ಲಿ 50ನೇ ಸೂಪರ್ ಬೌಲ್ ನಡೆಯಿತು. ಅವತ್ತು ಹಾಫ್‌ಟೈಮ್ ಸ್ಟೇಜನ್ನು ತಳ್ಳಿಕೊಂಡು ಮೈದಾನದ ನಡುವೆ ತಂದು ನಿಲ್ಲಿಸಿದ ನೂರಾರು ಜನರಲ್ಲಿ ನಾನೂ ಒಬ್ಬಳು.

ಇದನ್ನು ಎಷ್ಟೋ ಜನರಿಗೆ ಬಾಯಲ್ಲಿ ಹೇಳಿದ್ದೇನೆ. ಬರೆದಿರಲಿಲ್ಲ.

ಮೊದಲು ಆಟದ ಬಗ್ಗೆ ಸ್ವಲ್ಪ. ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ಅಮೆರಿಕನ್ ಫುಟ್‌ಬಾಲ್ ಒಂದು ಚೂರೂ ಅರ್ಥವಾಗುತ್ತಿರಲಿಲ್ಲ. ಎಲ್ಲರೂ ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಎದ್ದು ನಿಲ್ಲುತ್ತಾರೆ, ಮತ್ತೆ ಬೀಳುತ್ತಾರೆ ಅನ್ನಿಸುತ್ತಿತ್ತು. ಆಮೇಲೆ ಡೇಕೇರ್‌ನಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳತಿಯೊಬ್ಬಳು ಒಂದೇ ಮಾತಲ್ಲಿ ಹೇಳಿಕೊಟ್ಟಳು. ಹತ್ತು ಗಜ ಮುಂದೆ ಹೋಗಬೇಕು, ಅದಕ್ಕೆ ನಾಲ್ಕು ಅವಕಾಶ, ಅಷ್ಟೇ. ಹೋದರೆ ಇನ್ನೂ ನಾಲ್ಕು ಸಿಗುತ್ತದೆ. ಹೋಗದಿದ್ದರೆ ಚೆಂಡು ಎದುರಾಳಿಗೆ. ನೂರು ಗಜದ ಮೈದಾನದಲ್ಲಿ ಕಡೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಇಷ್ಟು ಗೊತ್ತಾದ ಮೇಲೆ ಆಟ ನೋಡುವ ಕಣ್ಣೇ ಬದಲಾಯಿತು. ಒಂದೊಂದು ಗಜಕ್ಕೂ ಅಷ್ಟು ಹೋರಾಟ ಯಾಕೆ ಅಂತ ತಿಳಿಯಿತು. ಗಡಿಯಾರದ ಲೆಕ್ಕಕ್ಕೆ ಒಂದೇ ಗಂಟೆಯ ಆಟ. ಆದರೆ ಮುಗಿಯುವಷ್ಟರಲ್ಲಿ ಮೂರೂವರೆ ಗಂಟೆ ಆಗಿರುತ್ತದೆ. ಆ ಬಿಡುವುಗಳಲ್ಲೇ ಉಳಿದ ಹಬ್ಬ ಎಲ್ಲ ನಡೆಯುವುದು.

ಹಬ್ಬ ಅಂತ ಸುಮ್ನೆ ಹೇಳುತ್ತಿಲ್ಲ. ಆ ಭಾನುವಾರ ಮಧ್ಯಾಹ್ನದ ಮೇಲೆ ಇಲ್ಲಿನ ರಸ್ತೆಗಳು ಖಾಲಿ. ಅಂಗಡಿಗಳಲ್ಲಿ ಹಿಂದಿನ ದಿನವೇ ಚಿಪ್ಸ್, ಅವಕಾಡೊ ಎಲ್ಲ ಮುಗಿದಿರುತ್ತದೆ. ಆಟ ಗೊತ್ತಿಲ್ಲದವರೂ ಯಾರದೋ ಮನೆಯಲ್ಲಿ ಸೇರುತ್ತಾರೆ. ನಮ್ಮ ಕನ್ನಡದ ಗೆಳೆಯರ ಮನೆಗಳಲ್ಲಿ ಚಿಪ್ಸ್ ಪಕ್ಕದಲ್ಲಿ ಖಾರ ಮಂಡಕ್ಕಿ, ಮಿರ್ಚಿ ಬಜ್ಜಿ ಇರುತ್ತದೆ.

ಆ ಗೆಳತಿ ಡೇಲಿ ಸಿಟಿಯವಳು. ಹುಟ್ಟಿದಾಗಿನಿಂದ ಇಲ್ಲಿನ ಫುಟ್‌ಬಾಲ್ ತಂಡ ಫೋರ್ಟಿನೈನರ್ಸ್‌ನ ಅಭಿಮಾನಿ. 2015ರ ಕೊನೆಯಲ್ಲಿ ಒಂದು ದಿನ ಅವಳು ಬಂದು, "ಹಾಫ್‌ಟೈಮ್ ಸ್ಟೇಜ್ ತಳ್ಳೋಕೆ ಜನ ತಗೋತಾರಂತೆ, ನಾನು ಹೆಸರು ಕೊಡ್ತೀನಿ, ನೀನೂ ಬರ್ತೀಯಾ?" ಅಂದಳು. ಸಂಬಳ ಇಲ್ಲ. ಆಟ ನೋಡಲು ಸೀಟೂ ಇಲ್ಲ. ಎಲ್ಲ ರಿಹರ್ಸಲ್‌ಗೂ ಬರಲೇಬೇಕು. ಒಳಗೆ ನೋಡಿದ್ದನ್ನು ಶೋ ಮುಗಿಯುವ ತನಕ ಯಾರಿಗೂ ಹೇಳಬಾರದು ಅಂತ ಸಹಿ ಹಾಕಿಕೊಡಬೇಕು. ಗಂಟೆಗಟ್ಟಲೆ ನಿಲ್ಲುವ, ಭಾರ ತಳ್ಳುವ ಶಕ್ತಿ ಇರಬೇಕು.

ನಾನು ಎರಡನೇ ಸಲ ಯೋಚನೆ ಮಾಡಲಿಲ್ಲ. ಅದಕ್ಕೆ ಕಾರಣ ನಮ್ಮಪ್ಪ.

ನಮ್ಮದು ತಿಪಟೂರಿನ ಹತ್ತಿರದ ಹಳ್ಳಿ. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಊರಿನವರೇ ಸೇರಿ ಪೌರಾಣಿಕ ನಾಟಕ ಆಡುತ್ತಿದ್ದರು. ಭೀಮ, ದುರ್ಯೋಧನ, ಕೃಷ್ಣನ ಪಾತ್ರಕ್ಕೆ ದುಡ್ಡು ಕೊಟ್ಟು ಹೆಸರು ಬರೆಸುವವರ ಸಾಲೇ ಇರುತ್ತಿತ್ತು. ಅಪ್ಪ ಯಾವತ್ತೂ ಪಾತ್ರ ಮಾಡಲಿಲ್ಲ. ಅವರದು ಸೀನರಿ ಕೆಲಸ. ಬಾಡಿಗೆ ಸೀನರಿ ಲಾರಿಯಲ್ಲಿ ಬರುತ್ತಿತ್ತು. ಅರಮನೆ, ಬೀದಿ, ಕಾಡು ಬರೆದ ದೊಡ್ಡ ದೊಡ್ಡ ಪರದೆಗಳು, ಸಿಂಹಾಸನ, ಕಂಬಗಳು. ಮುಂದೆ ಬೀದಿ ಪರದೆ ಬಿಟ್ಟು ಹಾಸ್ಯದವರು ಜನರನ್ನು ನಗಿಸುತ್ತಿರುವಾಗ ಹಿಂದೆ ಅಪ್ಪ ಮತ್ತು ಇನ್ನು ನಾಲ್ಕು ಜನ ಅರಮನೆ ಕಳಚಿ ಕಾಡು ಕಟ್ಟಬೇಕು. ಸದ್ದು ಆಗಬಾರದು. ನಾನು ಪಕ್ಕದಲ್ಲಿ ಹಗ್ಗದ ಸುರುಳಿ ಮೇಲೆ ಕೂತು ನೋಡುತ್ತಿದ್ದೆ. ನನಗೆ ನಾಟಕ ಅಂದರೆ ಆ ಹಿಂಭಾಗವೇ. ಎದುರಿನಿಂದ ಕೂತು ಒಂದು ನಾಟಕವನ್ನೂ ಪೂರ್ತಿ ನೋಡಿದ್ದು ನೆನಪಿಲ್ಲ.

ಹಾಗಾಗಿ ಸೂಪರ್ ಬೌಲ್‌ನ ಸೀನರಿ ತಳ್ಳುವುದು ಅಂದಾಗ ಬೇಡ ಅನ್ನಲು ಆಗುತ್ತದಾ?

ಹಾಫ್‌ಟೈಮ್ ಶೋ ಈಗ ಆಟದಷ್ಟೇ ದೊಡ್ಡದು, ಅಲ್ವಾ? ಮೊದಲು ಹೀಗಿರಲಿಲ್ಲ. 1967ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮೊದಲ ಪಂದ್ಯ ನಡೆದಾಗ ಸ್ಟೇಡಿಯಂನಲ್ಲಿ ಸಾವಿರಾರು ಸೀಟು ಖಾಲಿ ಇತ್ತು. ಹಾಫ್‌ಟೈಮ್‌ನಲ್ಲಿ ಕಾಲೇಜಿನ ಬ್ಯಾಂಡ್‌ನವರು ಬಾರಿಸಿದರು. ಎಷ್ಟೋ ವರ್ಷ ಹಾಗೇ ನಡೆಯಿತು. 1992ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಚಳಿಗಾಲದ ಥೀಮ್ ಇಟ್ಟುಕೊಂಡು ಒಂದು ಶೋ ಮಾಡಿದರು. ಅದೇ ಹೊತ್ತಿಗೆ ಬೇರೆ ಚಾನೆಲ್ ಒಂದು ಹಾಸ್ಯ ಕಾರ್ಯಕ್ರಮ ಹಾಕಿತು. ಜನ ಗುಂಪು ಗುಂಪಾಗಿ ಆ ಕಡೆ ತಿರುಗಿಸಿಬಿಟ್ಟರು. ಪಂದ್ಯ ನಡೆಸುವ ಲೀಗ್‌ನವರಿಗೆ ಅದು ದೊಡ್ಡ ಪೆಟ್ಟು. ಮರುವರ್ಷವೇ, 1993ರಲ್ಲಿ, ಪ್ಯಾಸಡೀನಾದ ರೋಸ್ ಬೌಲ್‌ಗೆ ಮೈಕೆಲ್ ಜಾಕ್ಸನ್ ಬಂದರು. ಸ್ಟೇಜ್ ಮೇಲೆ ಬಂದು ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಅಲ್ಲಾಡದೆ ನಿಂತರು. ಹಾಡಿಲ್ಲ, ಕುಣಿತ ಇಲ್ಲ, ಬರೀ ನಿಂತದ್ದು. ಇಡೀ ಸ್ಟೇಡಿಯಂ ಕಿರುಚುತ್ತಿತ್ತು. ಅಲ್ಲಿಂದ ಮುಂದೆ ಹಾಫ್‌ಟೈಮ್ ಬೇರೆಯೇ ಆಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಾತ್ರ 2007ರದು. ಮಯಾಮಿಯಲ್ಲಿ ಗಾಯಕ ಪ್ರಿನ್ಸ್ ಹಾಡಿದ ಶೋ. ಅವತ್ತು ಜೋರು ಮಳೆ. ಸೂಪರ್ ಬೌಲ್ ಇತಿಹಾಸದಲ್ಲಿ ಆಟದ ಉದ್ದಕ್ಕೂ ಮಳೆ ಸುರಿದದ್ದು ಅದೇ ಮೊದಲು. ನುಣುಪಾದ ನೆಲದ ಸ್ಟೇಜ್, ಮೇಲೆ ವಿದ್ಯುತ್ ಗಿಟಾರ್. ಪ್ರಿನ್ಸ್ ಒಂದು ಹೆಜ್ಜೆಯೂ ತಪ್ಪಲಿಲ್ಲ. ಕೊನೆಯಲ್ಲಿ ಅವರ 'ಪರ್ಪಲ್ ರೇನ್' ಹಾಡು, ನೇರಳೆ ಬೆಳಕು, ನಿಜವಾದ ಮಳೆ. ಆ ವಿಡಿಯೊ ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಈಗ ನೋಡುವಾಗ ನನಗೆ ಕಾಣುವುದು ಸ್ಟೇಜ್. ಅದನ್ನು ಆ ಕೆಸರಲ್ಲಿ, ಆ ಮಳೆಯಲ್ಲಿ ತಳ್ಳಿಕೊಂಡು ಬಂದವರಿದ್ದಾರೆ. ಅವರ ಶೂ ಎಷ್ಟು ಜಾರಿರಬೇಕು ಅಂತ ನನ್ನ ಪಾದಕ್ಕೆ ಗೊತ್ತಾಗುತ್ತದೆ.

ಲೆಕ್ಕ ಹೀಗಿದೆ. ಮಾಮೂಲಿ ಪಂದ್ಯದಲ್ಲಿ ಹಾಫ್‌ಟೈಮ್ ಅಂದರೆ ಹನ್ನೆರಡು ಹದಿಮೂರು ನಿಮಿಷ. ಸೂಪರ್ ಬೌಲ್‌ನಲ್ಲಿ ಸುಮಾರು ಅರ್ಧ ಗಂಟೆ. ಅದರಲ್ಲಿ ಹಾಡು ಕುಣಿತ ಹನ್ನೆರಡು ಹದಿಮೂರು ನಿಮಿಷ. ಅದಕ್ಕೆ ಮುಂಚೆ ಸ್ಟೇಜ್ ಕಟ್ಟಲು ಏಳೆಂಟು ನಿಮಿಷ, ಆಮೇಲೆ ಕಳಚಿ ಹೊರಗೆ ಒಯ್ಯಲು ಅದಕ್ಕಿಂತ ಕಮ್ಮಿ. ಏನೇ ಆದರೂ ಆಟಗಾರರು ವಾಪಸ್ ಬರುವಾಗ ಮೈದಾನದ ಮೇಲೆ ಒಂದು ಮೊಳೆಯೂ ಇರಬಾರದು.

ಸ್ಟೇಜ್ ಒಂದೇ ತುಂಡಲ್ಲ. ಹತ್ತಾರು ಗಾಡಿಗಳು. ಒಂದೊಂದು ಗಾಡಿಯ ಮೇಲೆ ಸ್ಟೇಜಿನ ಒಂದೊಂದು ಭಾಗ. ಕೆಲವದರಲ್ಲಿ ಸ್ಪೀಕರ್, ಕೆಲವದರಲ್ಲಿ ಬಣ್ಣ ಬದಲಾಗುವ ವಿಡಿಯೊ ನೆಲ. ಚಕ್ರಗಳು ಅಗಲ, ಮೆತ್ತಗೆ. ಹುಲ್ಲು ಕಿತ್ತು ಬರಬಾರದಲ್ಲ, ಇನ್ನೂ ಅರ್ಧ ಆಟ ಬಾಕಿ ಇರುತ್ತದೆ. ಪ್ರತಿ ಗಾಡಿಗೂ ಇಷ್ಟು ಜನ ಅಂತ ಒಂದು ತಂಡ, ಅದಕ್ಕೊಬ್ಬ ಲೀಡರ್. ಎಲ್ಲ ಗಾಡಿಗಳೂ ಗೊತ್ತಾದ ಕ್ರಮದಲ್ಲೇ ಬರಬೇಕು. ಒಂದಕ್ಕೊಂದು ಕೂಡಿಸಿ ಕೊಕ್ಕೆ ಹಾಕಬೇಕು. ಒಂದು ಗಾಡಿ ಒಂದಂಗುಲ ಸೊಟ್ಟ ನಿಂತರೆ ಹಿಂದಿನದು ಯಾವುದೂ ಕೂಡುವುದಿಲ್ಲ. ವೈರುಗಳನ್ನು ಜೋಡಿಸುವವರು ಬೇರೆ, ಅವರು ಕೆಲಸ ಬಲ್ಲ ತಂತ್ರಜ್ಞರು.

ಮೊದಲ ರಿಹರ್ಸಲ್ ಒಂದು ದೊಡ್ಡ ಪಾರ್ಕಿಂಗ್ ಜಾಗದಲ್ಲಿ. ನೆಲದ ಮೇಲೆ ಟೇಪ್ ಅಂಟಿಸಿ ಸ್ಟೇಜಿನ ಆಕಾರ ಬರೆದಿದ್ದರು. ನಮ್ಮ ಗಾಡಿಯಲ್ಲಿ ಹನ್ನೆರಡು ಜನ. ಒಬ್ಬರು ನಿವೃತ್ತ ಅಗ್ನಿಶಾಮಕ ಸಿಬ್ಬಂದಿ. ಇಬ್ಬರು ಕಾಲೇಜಿನ ಹುಡುಗರು. ಒಬ್ಬ ಫಿಲಿಪಿನೊ ನರ್ಸ್, ರಾತ್ರಿ ಪಾಳಿ ಮುಗಿಸಿ ನೇರವಾಗಿ ಬರುತ್ತಿದ್ದಳು. ನಾನು ಎಡಗಡೆ ಹಿಂದಿನ ಮೂಲೆ. ಮೊದಲ ದಿನ ನಮ್ಮ ಗಾಡಿ ಮೂರು ಸಲ ಸೊಟ್ಟ ಹೋಯಿತು. ಎಲ್ಲರೂ ಶಕ್ತಿ ಹಾಕಿ ತಳ್ಳುತ್ತಿದ್ದೆವು, ಆದರೆ ಒಬ್ಬೊಬ್ಬರದು ಒಂದೊಂದು ಕಡೆ. ನಮ್ಮ ಲೀಡರ್ ಅರವತ್ತು ದಾಟಿದ ಹೆಂಗಸು. ಜೀವನವಿಡೀ ನಾಟಕ, ಸಂಗೀತ ಕಾರ್ಯಕ್ರಮಗಳ ಸ್ಟೇಜ್ ಕಟ್ಟಿದವರು. ಅವರು ಬೈಯಲಿಲ್ಲ. "ಗಾಡಿ ನೋಡಬೇಡಿ, ನೆಲ ನೋಡಬೇಡಿ. ಮುಂದಿರುವವರ ಹೆಗಲು ನೋಡಿ" ಅಂದರು. ನಾಲ್ಕನೇ ಸಲ ಗಾಡಿ ನೇರವಾಗಿ ಹೋಗಿ ಟೇಪಿನ ಮೇಲೆ ನಿಂತಿತು. ಕೊಕ್ಕೆ ಟಕ್ ಅಂತ ಬಿತ್ತು. ಆ ಸದ್ದು ಕೇಳಿದಾಗ ಹನ್ನೆರಡು ಜನಕ್ಕೂ ಒಟ್ಟಿಗೆ ನಗು ಬಂತು.

ನಮ್ಮೂರ ತೇರು ಎಳೆಯುವಾಗಲೂ ಹೀಗೇ. ಒಬ್ಬೊಬ್ಬರೂ ತಮ್ಮ ಬಲ ತೋರಿಸಲು ಹೋದರೆ ತೇರು ಮಿಸುಕುವುದಿಲ್ಲ. ಎಲ್ಲರ ಕೈ ಒಟ್ಟಿಗೆ ಬಿದ್ದಾಗ ತಾನಾಗೇ ಹೊರಡುತ್ತದೆ.

ಎರಡು ವಾರ ಹೀಗೇ ಹೋಯಿತು. ಕೆಲಸ ಮುಗಿಸಿ ಓಡುವುದು, ರಾತ್ರಿ ಹತ್ತು ಹನ್ನೊಂದಕ್ಕೆ ಮನೆ. ಫೆಬ್ರವರಿಯ ಚಳಿ. ಕಾಯುವುದೇ ಜಾಸ್ತಿ. ಫೋನ್ ಮುಟ್ಟುವ ಹಾಗಿಲ್ಲ. ಹಾಗಾಗಿ ಜನ ಮಾತಾಡುತ್ತಿದ್ದರು. ಆ ಕಾಯುವ ಹೊತ್ತಿನಲ್ಲಿ ಆದ ಗೆಳೆತನ ಇವತ್ತಿಗೂ ಇದೆ. ನರ್ಸ್ ಗೆಳತಿ ನನ್ನ ಮಗಳ ಗ್ರ್ಯಾಜುಯೇಷನ್‌ಗೂ ಬಂದಿದ್ದಳು. ಸ್ಟೇಡಿಯಂ ಒಳಗೆ ಹುಲ್ಲಿನ ಮೇಲೆ ತಳ್ಳಲು ಬಿಟ್ಟದ್ದು ಕಡೆಕಡೆಗೆ. ಹುಲ್ಲು ಬಂದಾಗ ಎಲ್ಲ ಬದಲಾಯಿತು. ಡಾಂಬರಿನ ಮೇಲೆ ಸರಾಗವಾಗಿ ಹೋಗುತ್ತಿದ್ದ ಗಾಡಿ ಹುಲ್ಲಿನ ಮೇಲೆ ಎಮ್ಮೆ ಹಾಗೆ ನಿಂತುಬಿಟ್ಟಿತು. ಮತ್ತೆ ಮೊದಲಿನಿಂದ ಕಲಿತೆವು.

ಆಟದ ದಿನ ಒಳ್ಳೆ ಬಿಸಿಲು. ಫೆಬ್ರವರಿ ಅನ್ನಿಸಲೇ ಇಲ್ಲ. ಇಲ್ಲಿ ಮಧ್ಯಾಹ್ನ ಮೂರೂವರೆಗೆ ಆಟ ಶುರು. ಊರಲ್ಲಿ ಆಗ ಸೋಮವಾರ ಬೆಳಗಿನ ಜಾವ ಐದು ಗಂಟೆ. ನಾವು ಬೆಳಿಗ್ಗೆಯಿಂದಲೇ ಕಾಯುತ್ತಾ ಕೂತಿದ್ದೆವು. ಲೇಡಿ ಗಾಗಾ ರಾಷ್ಟ್ರಗೀತೆ ಹಾಡಿದ್ದು ನಮಗೆ ಕೇಳಿದ್ದು ಗೋಡೆಯ ಆಚೆಯಿಂದ. ಕಡೆಯ ಸಾಲಿಗೆ ನೌಕಾಪಡೆಯ ಬ್ಲೂ ಏಂಜಲ್ಸ್ ವಿಮಾನಗಳು ತಲೆ ಮೇಲೆ ಹಾದು ಹೋದಾಗ ನೆಲ ನಡುಗಿತು. ಆಮೇಲೆ ಆಟವೂ ಕಿವಿಯಲ್ಲೇ. ಎಪ್ಪತ್ತು ಸಾವಿರ ಜನ ಒಟ್ಟಿಗೆ ಕೂಗಿದರೆ ಏನಾಯಿತು ಅಂತ ಊಹೆ ಮಾಡಬೇಕು. ಡೆನ್ವರ್ ಬ್ರಾಂಕೋಸ್ ಒಂದು ಕಡೆ, ಕ್ಯಾರೊಲೈನಾ ಪ್ಯಾಂಥರ್ಸ್ ಇನ್ನೊಂದು ಕಡೆ. ಮೊದಲ ಕ್ವಾರ್ಟರ್‌ನಲ್ಲಿ, ಅಂದರೆ ಆಟದ ಮೊದಲ ಕಾಲು ಭಾಗದಲ್ಲಿ, ಒಂದು ಭಾರಿ ಗದ್ದಲ ಎದ್ದಿತು. ಡೆನ್ವರಿನ ವಾನ್ ಮಿಲ್ಲರ್ ಎದುರಾಳಿಯ ಕ್ಯಾಮ್ ನ್ಯೂಟನ್ ಕೈಯಿಂದ ಚೆಂಡು ಕಿತ್ತು ಬೀಳಿಸಿದ್ದು, ಅದು ಟಚ್‌ಡೌನ್ ಆದದ್ದು ಅಂತ ಆಮೇಲೆ ತಿಳಿಯಿತು. ಅರ್ಧ ಆಟ ಮುಗಿದಾಗ ಡೆನ್ವರ್ 13, ಕ್ಯಾರೊಲೈನಾ 7.

ನಮ್ಮ ಸರದಿ ಬಂತು. ಸುರಂಗದ ಬಾಯಲ್ಲಿ ಗಾಡಿ ಹಿಡಿದು ನಿಂತಿದ್ದೆವು. ಎದೆ ಡವಡವ. ಆಟಗಾರರು ಒಳಗೆ ಹೋದರು. ಲೀಡರ್ ಕೈ ಎತ್ತಿದರು. ಕೈ ಇಳಿಯಿತು.

ಮುಂದಿನ ಏಳು ನಿಮಿಷದಲ್ಲಿ ನಾನು ಕಂಡದ್ದು ಒಂದು ಹೆಗಲು. ನೀಲಿ ಜಾಕೆಟ್ ಹಾಕಿದ ಆ ಅಗ್ನಿಶಾಮಕದವರ ಬಲ ಹೆಗಲು. ಸುತ್ತ ಎಪ್ಪತ್ತು ಸಾವಿರ ಜನ, ಟಿವಿಯಲ್ಲಿ ಅಮೆರಿಕದಲ್ಲೇ ಹನ್ನೊಂದು ಕೋಟಿಗೂ ಜಾಸ್ತಿ ಜನ. ನನ್ನ ಪಾಲಿಗೆ ಹೆಗಲು, ಹುಲ್ಲಿನ ವಾಸನೆ, ಗಾಡಿಯ ತಣ್ಣನೆಯ ಕಬ್ಬಿಣ. ಟಿವಿ ನೋಡುವವರಿಗೆ ಇದ್ಯಾವುದೂ ಕಾಣುವುದಿಲ್ಲ. ಆ ಹೊತ್ತಿನಲ್ಲಿ ಅವರಿಗೆ ಜಾಹೀರಾತು ತೋರಿಸುತ್ತಿರುತ್ತಾರೆ. ಆ ವರ್ಷ ಮೂವತ್ತು ಸೆಕೆಂಡಿಗೆ 50 ಲಕ್ಷ ಡಾಲರ್ ತನಕ ದರ ಇತ್ತು. ನಮ್ಮೂರ ನಾಟಕದಲ್ಲಿ ಹಾಸ್ಯದವರು ಮಾಡುತ್ತಿದ್ದ ಕೆಲಸ ಇಲ್ಲಿ ಜಾಹೀರಾತು ಮಾಡುತ್ತದೆ. ಹಿಂದೆ ಅರಮನೆ ಕಟ್ಟುವವರೆಗೆ ಮುಂದೆ ಜನರನ್ನು ಹಿಡಿದಿಡಬೇಕು.

ಟಕ್. ನಮ್ಮ ಕೊಕ್ಕೆ ಬಿತ್ತು. ಹಿಂದಿನದು ಬಿತ್ತು. ಅದರ ಹಿಂದಿನದು. ನಾವು ಬಗ್ಗಿ ಅಂಚಿಗೆ ಓಡಿದೆವು.

ಆಮೇಲೆ ನೋಡಿದೆ. ಬೇರೆ ಎಷ್ಟೋ ವರ್ಷ ಹಾಫ್‌ಟೈಮ್ ಹೊತ್ತಿಗೆ ಕತ್ತಲಾಗಿ, ಬೆಳಕಿನ ಆಟ ತೋರಿಸುತ್ತಾರೆ. ಇಲ್ಲಿ ಪಶ್ಚಿಮ ಕರಾವಳಿಯಲ್ಲಿ ಸಂಜೆ ಐದು ಗಂಟೆ, ಇನ್ನೂ ಹಗಲು. ಹಾಗಾಗಿ ಬಣ್ಣಗಳನ್ನೇ ನಂಬಿ ಶೋ ಮಾಡಿದ್ದರು. ಕೋಲ್ಡ್‌ಪ್ಲೇ ಬ್ಯಾಂಡಿನ ಗಾಯಕ ಕ್ರಿಸ್ ಮಾರ್ಟಿನ್ ಓಡಿ ಬಂದು ಸ್ಟೇಜ್ ಹತ್ತಿದರು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬ್ಯಾಂಡ್ ಬಂತು. ಆರ್ಕೆಸ್ಟ್ರಾ ನಡೆಸುವ ಗುಸ್ತಾವೊ ಡುಡಮೆಲ್ ಜೊತೆ ಲಾಸ್ ಏಂಜಲೀಸ್‌ನ ಯುವ ಆರ್ಕೆಸ್ಟ್ರಾದ ಮಕ್ಕಳು ಪಿಟೀಲು ಹಿಡಿದು ಬಂದರು. ನನಗೆ ಕಣ್ಣಲ್ಲಿ ನೀರು ಬಂದದ್ದು ಆ ಮಕ್ಕಳನ್ನು ನೋಡಿ. ಸಂಗೀತಗಾರ ಮಾರ್ಕ್ ರಾನ್ಸನ್, ಗಾಯಕ ಬ್ರೂನೊ ಮಾರ್ಸ್ ಬಂದ ಮೇಲೆ ನಮ್ಮ ತಂಡದ ಕಾಲೇಜು ಹುಡುಗರು ಅಂಚಿನಲ್ಲೇ ಕುಣಿದರು.

ಗಾಯಕಿ ಬಿಯಾನ್ಸೆ ಬಂದದ್ದು ಸ್ಟೇಜ್ ಮೇಲಲ್ಲ, ಹುಲ್ಲಿನ ಮೇಲೆ. ಹಿಂದಿನ ದಿನವಷ್ಟೇ ಬಿಟ್ಟಿದ್ದ ಹೊಸ ಹಾಡು. ಹಿಂದೆ ಸಾಲಾಗಿ ಕಪ್ಪು ಬಟ್ಟೆ, ಕಪ್ಪು ಬೆರೆ ಟೋಪಿ ಹಾಕಿದ ಹೆಣ್ಣುಮಕ್ಕಳು. ಅದು ಕರಿಯರ ಹಕ್ಕಿಗಾಗಿ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಪಾರ್ಟಿಯವರ ಉಡುಪಿನ ನೆನಪು. ಆ ಪಾರ್ಟಿ ಹುಟ್ಟಿದ್ದು 1966ರಲ್ಲಿ, ಇಲ್ಲೇ ಪಕ್ಕದ ಓಕ್‌ಲ್ಯಾಂಡ್‌ನಲ್ಲಿ. ಅದಕ್ಕೆ ಅದು ಐವತ್ತನೇ ವರ್ಷ. ನಮ್ಮ ಲೀಡರ್ ಓಕ್‌ಲ್ಯಾಂಡಿನವರು, ಕರಿಯ ಜನಾಂಗದವರು. ಅವರು ಕುಣಿಯಲೂ ಇಲ್ಲ, ಚಪ್ಪಾಳೆ ತಟ್ಟಲೂ ಇಲ್ಲ. ನೆಟ್ಟಗೆ ನಿಂತು ನೋಡಿದರು. ಮರುದಿನದಿಂದ ಟಿವಿಯಲ್ಲಿ ಇದರ ಬಗ್ಗೆ ಏನೇನೋ ಜಗಳ ನಡೆಯಿತು. ನನಗೆ ಆ ಜಗಳಕ್ಕಿಂತ ಅವರು ನಿಂತಿದ್ದ ರೀತಿ ಹೆಚ್ಚು ನೆನಪಿದೆ. ಒಂದು ಗಳಿಗೆ ಬಿಯಾನ್ಸೆ ಕಾಲು ತಪ್ಪಿ ಹಿಂದಕ್ಕೆ ವಾಲಿದರು. ಬೀಳಲಿಲ್ಲ. ಅದನ್ನೇ ಕುಣಿತದ ಹೆಜ್ಜೆ ಮಾಡಿಕೊಂಡರು. ಆ ಹುಲ್ಲು ಎಷ್ಟು ಜಾರುತ್ತದೆ ಅಂತ ಗೊತ್ತಿದ್ದ ನಾವೆಲ್ಲ ಒಟ್ಟಿಗೆ ಉಸಿರು ಹಿಡಿದಿದ್ದೆವು.

ಕೊನೆಗೆ ಸ್ಟ್ಯಾಂಡ್‌ನಲ್ಲಿದ್ದ ಜನ ಬಣ್ಣದ ಕಾರ್ಡ್ ಎತ್ತಿ ಹಿಡಿದರು. ಪ್ರೀತಿಯಲ್ಲಿ ನಂಬಿಕೆ ಇಡಿ ಅನ್ನುವ ಇಂಗ್ಲಿಷ್ ಅಕ್ಷರಗಳು ಸ್ಟೇಡಿಯಂ ಸುತ್ತ ಮೂಡಿದವು. ನಮಗೆ ಓದಲು ಪುರುಸೊತ್ತಿರಲಿಲ್ಲ. ಆಗಲೇ ಗಾಡಿ ಹತ್ತಿರ ಬಗ್ಗಿ ಕೂತಿದ್ದೆವು.

ಕಳಚುವಾಗ ಒಂದು ಸಣ್ಣ ತೊಂದರೆ ಆಯಿತು. ಕೊಕ್ಕೆ ಬಿಡಿಸುವ ಅವಸರದಲ್ಲಿ ನನ್ನ ಎಡಗೈಯ ನಡುಬೆರಳು ಎರಡು ಗಾಡಿಗಳ ನಡುವೆ ಸಿಕ್ಕಿತು. ಎಳೆದುಕೊಂಡೆ. ನೋವು ಗೊತ್ತಾಗಲಿಲ್ಲ. ಹೆಗಲು ನೋಡುತ್ತಾ ತಳ್ಳಿಕೊಂಡು ಸುರಂಗದ ಒಳಗೆ ಬಂದ ಮೇಲೆ ಉರಿಯಲು ಶುರುವಾಯಿತು. ನರ್ಸ್ ಗೆಳತಿ ನೋಡಿ, ಮುರಿದಿಲ್ಲ ಅಂದಳು. ಹೊರಗೆ ಆಟ ಹೊತ್ತಿಗೆ ಸರಿಯಾಗಿ ಶುರುವಾಯಿತು.

ಎರಡನೇ ಅರ್ಧ ನಾನು ನೋಡಲಿಲ್ಲ. ಮನೆ ತಲುಪಿದಾಗ ಟಿವಿ ಮುಂದೆ ಹದಿನೈದು ಜನ, ಮಂಡಕ್ಕಿ ಖಾಲಿ. ಡೆನ್ವರ್ 24-10ರಲ್ಲಿ ಗೆದ್ದಿತ್ತು. ವಾನ್ ಮಿಲ್ಲರ್ ಕೊನೆಯ ಕ್ವಾರ್ಟರ್‌ನಲ್ಲೂ ನ್ಯೂಟನ್ ಕೈಯಿಂದ ಚೆಂಡು ಬೀಳಿಸಿದರಂತೆ. ಅವರೇ ಪಂದ್ಯದ ಶ್ರೇಷ್ಠ ಆಟಗಾರ. ಡೆನ್ವರ್ ಪರ ಚೆಂಡು ಎಸೆಯುವ 39 ವರ್ಷದ ಪೇಟನ್ ಮ್ಯಾನಿಂಗ್‌ಗೆ ಅದೇ ಕೊನೆಯ ಆಟ, ಮುಂದಿನ ತಿಂಗಳು ನಿವೃತ್ತಿ ಹೇಳಿದರು. ಮನೆಯವರು ಶೋ ರೆಕಾರ್ಡ್ ಮಾಡಿಟ್ಟಿದ್ದರು. ಎರಡು ಸಲ ಹಾಕಿಸಿ ನೋಡಿದೆ. ನಾನು ಎಲ್ಲೂ ಇಲ್ಲ. ನಮ್ಮ ಗಾಡಿ ಇದ್ದ ಜಾಗ ಮಾತ್ರ ಕಾಣುತ್ತದೆ. ಅದರ ಮೇಲೆ ಬ್ರೂನೊ ಮಾರ್ಸ್ ಕುಣಿಯುತ್ತಿದ್ದಾರೆ.

ಊರಿಗೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ ಒಂಬತ್ತೂವರೆ. ಅಪ್ಪ ತೋಟದಿಂದ ಬಂದಿದ್ದರು.

"ನಾಟಕದಲ್ಲಿ ಪಾತ್ರ ಮಾಡಿದ್ಯೇನವ್ವ?" ಅಂದರು. ಏನೋ ದೊಡ್ಡ ಕಾರ್ಯಕ್ರಮ ಅಂತಷ್ಟೇ ಹೇಳಿದ್ದೆ.

"ಇಲ್ಲಪ್ಪ. ಸೀನರಿ ತಳ್ಳಿದೆ."

ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ.

"ಎಷ್ಟು ಹೊತ್ತು ಹಿಡೀತು?"

"ಏಳು ನಿಮಿಷ."

"ಯಾರೂ ಎಡವಲಿಲ್ವಾ?"

"ಇಲ್ಲ."

"ಬಿಚ್ಚೋವಾಗ? ಕಟ್ಟೋದು ಸಲೀಸು ಕಣವ್ವ. ಬಿಚ್ಚೋವಾಗಲೇ ಕೈ ಸಿಕ್ಕಿಕೊಳ್ಳೋದು."

ಬೆರಳು ನೋಡಿಕೊಂಡೆ. ಉಗುರು ಆಗಲೇ ಕಪ್ಪಾಗಿತ್ತು. ಹೇಳಿದೆ.

"ಅರಿಶಿನ ಹಚ್ಚು" ಅಂದರು. "ಆಮೇಲೆ ಎಲ್ಲ ಮೊದಲಿಂದ ಹೇಳು. ಗಾಡಿ ಎಷ್ಟು ಇದ್ದವು?"